ನಿಂಬೆಹಣ್ಣಿನ ಮೇಲೆ ಹತ್ತಿಸಿದ ಯುದ್ಧವಿಮಾನ

ಮೊನ್ನೆ ಸುಧಾ ನಮ್ಮ ಮನೆಗೆ ಬಂದಿದ್ದಳು. ಶಾಲೆಯಲ್ಲಿ ನಾನು ಬಿಟ್ಟ ಕೆಲಸಕ್ಕೆ ಈಗ ಅವಳನ್ನು ಹಾಕಿಕೊಂಡಿದ್ದಾರೆ. ಜಗಲಿಯ ಮೇಲೆ ಕೂತು, ಕೊಟ್ಟ ಕಾಫಿಯನ್ನು ಆರಿಸುತ್ತಾ ಕೇಳಿದಳು.

“ಗೌರಕ್ಕ, ನಿಜ ಹೇಳಿ. ಇಮಾನ ಒರ್ಸೋದೂ ಒಂದ್ ಕೆಲ್ಸವಾ? ನಮ್ಮತ್ತೆ ಆಡ್ಕತರೆ. ಆರೋದಿಲ್ಲ, ಓಡೋದಿಲ್ಲ, ಅದಕ್ಯಾಕಮ್ಮಿ ದಿನಾ ಸ್ನಾನ ಅಂತರೆ.”

ನನಗೆ ಸಿಟ್ಟು ಬಂತು. ಆ ಹುಡುಗಿಯ ಮೇಲಲ್ಲ, ಅವಳ ಅತ್ತೆಯ ಮೇಲೂ ಅಲ್ಲ. ಓದಿದವರು, ಸೂಟು ಹಾಕಿದವರು, ಆ ವಿಮಾನದ ಮುಂದೆ ನಿಂತು ದೇಶಭಕ್ತಿಯ ಭಾಷಣ ಮಾಡಿದವರು ಎಲ್ಲರೂ ಇದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ನನಗೆ ಕೇಳಿದ್ದಾರೆ. ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಮುಗಿಯುವ ಉತ್ತರ ಅದಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ಸುಧಾ ಓದಲಿ, ನಾಳೆ ಅವಳ ಜಾಗಕ್ಕೆ ಬರುವವಳೂ ಓದಲಿ.

ನಾನು ಕುದೇರಿನವಳು. ಎಸ್ಸೆಸ್ಸೆಲ್ಸಿ ಮುಗಿಸಿ, ಮದುವೆಯಾಗಿ ತೆರಕಣಾಂಬಿಗೆ ಬಂದೆ. ಮನೆ, ದೇವರಗೂಡು, ಮಕ್ಕಳು, ಗಂಡನ ಅರಿಸಿನದ ಹೊಲ, ಇಷ್ಟೇ ನನ್ನ ಲೋಕವಾಗಿತ್ತು. ಮಕ್ಕಳು ಶಾಲೆಗೆ ಹೋಗುವಂತಾದ ಮೇಲೆ ಅದೇ ಶಾಲೆಯಲ್ಲಿ ಆಯಾ ಬೇಕು ಎಂದರು. ಹೋದೆ. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ರಸ್ತೆಯ ಪಕ್ಕದ ಶಾಲೆ ಅದು. ಹೆಸರು ಬರೆಯುವುದಿಲ್ಲ. ಈ ಕಡೆಯವರಿಗೆ ಗೊತ್ತು, ಮಿಕ್ಕವರಿಗೆ ಬೇಕಿಲ್ಲ. ಮನೆಯಲ್ಲಿ ಅಡುಗೆ ಇಳಿಸಿ, ಪೂಜೆ ಮುಗಿಸಿ, ಶಾಲೆಗೆ ಹೋಗಿ, ಸಂಜೆ ಬಂದು ಮತ್ತೆ ಒಲೆ ಹಚ್ಚುವುದು. ಕೇಳಿದವರಿಗೆ ಇವತ್ತಿಗೂ ‘ಮನೆಯಲ್ಲೇ ಇದೀನಿ’ ಎಂದೇ ಹೇಳುತ್ತೇನೆ. ಆದರೆ ನನ್ನ ಆಯುಸ್ಸಿನ ಒಳ್ಳೆಯ ಭಾಗ ಹೋದದ್ದು ಒಂದು ಯುದ್ಧವಿಮಾನದ ಹೊಟ್ಟೆಯ ಕೆಳಗೆ.

ಆ ವಿಮಾನವನ್ನು ತಂದವರು ಶಾಲೆ ಕಟ್ಟಿಸಿದ ದೊಡ್ಡ ಯಜಮಾನರು. ಅರಿಸಿನದ ವ್ಯಾಪಾರಿ. ಸೈನ್ಯಕ್ಕೆ ಸೇರಿದವರಲ್ಲ, ಆದರೆ ವಿಮಾನದ ಹುಚ್ಚು. ಮೋಡದ ಮೇಲೆ ಸದ್ದು ಕೇಳಿದರೆ ಸಾಕು, ಮಾತಾಡುತ್ತಿದ್ದವರನ್ನು ಅರ್ಧಕ್ಕೇ ಬಿಟ್ಟು ಅಂಗಳಕ್ಕೆ ಬಂದು ಕತ್ತೆತ್ತುತ್ತಿದ್ದರು. ವಾಯುಪಡೆಯವರು ಹಳೆಯ ವಿಮಾನಗಳನ್ನು ಶಾಲೆ ಕಾಲೇಜುಗಳಿಗೆ ಇಟ್ಟುಕೊಳ್ಳಲು ಕೊಡುತ್ತಾರೆಂದು ತಿಳಿದು, ಅಲ್ಲಿ ಇಲ್ಲಿ ಅಲೆದು, ಕೊನೆಗೂ ಒಂದನ್ನು ಲಾರಿಯ ಮೇಲೆ ತಂದರು. ಮಾರುವ ಹಾಗಿಲ್ಲ, ಕೆಡಿಸುವ ಹಾಗಿಲ್ಲ, ಚೆನ್ನಾಗಿ ಇಟ್ಟುಕೊಳ್ಳಬೇಕು ಎಂಬುದೇ ಮಾತು. ನ್ಯಾಟ್ ಎಂಬ ಜಾತಿಯ ವಿಮಾನ ಅದು. ಆಳು ನಿಂತು ಕೈ ಚಾಚಿದರೆ ರೆಕ್ಕೆ ಸಿಗುವಷ್ಟು ಪುಟ್ಟದು. ಒಬ್ಬನೇ ಕೂರುವ ಜಾಗ. ಅರವತ್ತೈದರ ಯುದ್ಧದಲ್ಲೂ ಎಪ್ಪತ್ತೊಂದರ ಯುದ್ಧದಲ್ಲೂ ಇದೂ ಇದರ ಜೊತೆಯ ಪುಟ್ಟ ವಿಮಾನಗಳೂ ತಮಗಿಂತ ದೊಡ್ಡವನ್ನು ಅಟ್ಟಿಸಿಕೊಂಡು ಹೋದವಂತೆ. ಹಾಗೆಂದು ದೊಡ್ಡ ಯಜಮಾನರು ಹೇಳುವಾಗ, ಅವರದೇ ಮಗಳಿಗೆ ರ‍್ಯಾಂಕು ಬಂದಷ್ಟು ಹಿಗ್ಗು.

ವಿಮಾನ ಬಂದ ವಾರದಲ್ಲೇ ಅದರ ಹಿಂದೆ ಮಾದಯ್ಯಣ್ಣ ಬಂದರು. ಉಮ್ಮತ್ತೂರಿನವರು. ವಾಯುಪಡೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಪೇಪರಿನಲ್ಲಿ ಸುದ್ದಿ ನೋಡಿ ಬಸ್ಸು ಹತ್ತಿ ಬಂದಿದ್ದರು. ಯಾರನ್ನೂ ಮಾತಾಡಿಸದೆ ನೆಟ್ಟಗೆ ವಿಮಾನದ ಕೆಳಗೆ ನುಗ್ಗಿ, ಹೊಟ್ಟೆಯ ತಗಡನ್ನು ಬೆರಳಿನಲ್ಲಿ ಸವರುತ್ತಾ ಹೋದರು. ಒಂದು ಕಡೆ ಬೆರಳು ನಿಂತಿತು. ಅಲ್ಲೊಂದು ಚೌಕದ ತೇಪೆ ಇತ್ತು.

“ಈ ತ್ಯಾಪೆ ನಂದೇ ಕಣವ್ವ,” ಎಂದರು, ಪೊರಕೆ ಹಿಡಿದು ನಿಂತಿದ್ದ ನನಗೆ. “ರಿವೀಟು ಮೊಳೆ ಒಂದು ಸ್ವಟ್ಟಕ್ಕದೆ ನೋಡು. ಅವತ್ತು ಸಾರ್ಜೆಂಟು ಬೋದುದ್ದ. ಅದೇ ಸ್ವಟ್ಟ.”

ಬೈಸಿಕೊಂಡದ್ದನ್ನು ಅಷ್ಟು ಸಂತೋಷದಿಂದ ಹೇಳುವ ಮನುಷ್ಯನನ್ನು ನಾನು ಅವತ್ತೇ ಮೊದಲು ನೋಡಿದ್ದು. ದೊಡ್ಡ ಯಜಮಾನರು ಅವರನ್ನು ಬಿಡಲಿಲ್ಲ. ಆವತ್ತಿನಿಂದ ಪ್ರತಿ ಸೋಮವಾರ ಮಾದಯ್ಯಣ್ಣ ಬರುವುದು, ಮಿಕ್ಕ ದಿನ ಅವರು ಹೇಳಿದಂತೆ ನಾನು ನೋಡಿಕೊಳ್ಳುವುದು ಎಂದಾಯಿತು. ಸೋಮವಾರ ನನಗೆ ಶಿವನ ದಿನ, ಒಪ್ಪೊತ್ತು. ಊಟದ ಹಂಗಿಲ್ಲದೆ ಕೆಲಸ ಸಾಗುತ್ತಿತ್ತು. ಅದೂ ಒಂದು ಅನುಕೂಲವೇ.

ಸುಧಾ, ಕೆಲಸ ಏನು ಎಂದು ಕೇಳಿದೆಯಲ್ಲ, ಕೇಳು. ನಮ್ಮ ಕಡೆ ಅರಿಸಿನ ಬೇಯಿಸಿ ಪಾಲಿಶ್ ಮಾಡುವ ಕಾಲದಲ್ಲಿ ಗಾಳಿಯೇ ಹಳದಿಯಾಗಿರುತ್ತದೆ. ಆ ಧೂಳು ಇಬ್ಬನಿಗೆ ಸೇರಿಕೊಂಡು ರೆಕ್ಕೆಯ ಮೇಲೆ ಹೆಪ್ಪುಗಟ್ಟುತ್ತದೆ. ಒಣಗಿದ ಮೇಲೆ ಕೆರೆದರೆ ಬಣ್ಣ ಏಳುತ್ತದೆ. ಬಿಸಿಲು ಏರುವ ಮೊದಲೇ ತಣ್ಣೀರು ಹಾಯಿಸಿ ಹತ್ತಿಬಟ್ಟೆಯಲ್ಲಿ ಒತ್ತಿ ತೆಗೆಯಬೇಕು. ಹಕ್ಕಿಯ ಹಿಕ್ಕೆ ಕಂಡರೆ ಅವತ್ತೇ ತೆಗೆಯಬೇಕು, ಅದು ತಗಡನ್ನು ತಿನ್ನುತ್ತದೆ. ಹೊಟ್ಟೆಯ ಕೆಳಗೆ ನೀರು ಇಳಿಯಲೆಂದು ಸಣ್ಣ ತೂತುಗಳಿವೆ. ಜೇಡ, ಕಣಜ ಅದರಲ್ಲಿ ಮಣ್ಣು ಮೆತ್ತುತ್ತವೆ. ಮಳೆಗಾಲಕ್ಕೆ ಮೊದಲು ಕಡ್ಡಿ ಹಾಕಿ ಬಿಡಿಸದಿದ್ದರೆ ಒಳಗೆ ನೀರು ನಿಂತು, ಹೊರಗೆ ಮಿಂಚುತ್ತಾ ಒಳಗೆ ಕೊಳೆಯುತ್ತದೆ. ಹಿಂದಿನ ಹೊಗೆಕೊಳವೆಯಲ್ಲಿ ಗೊರವಂಕ ಗೂಡು ಕಟ್ಟುತ್ತದೆ. ಮೊಟ್ಟೆ ಇಡುವ ಮೊದಲೇ ಮುಚ್ಚಳ ಹಾಕಬೇಕು. ಮೊಟ್ಟೆ ಇಟ್ಟ ಮೇಲೆ ನನಗೆ ಕೈ ಬರುವುದಿಲ್ಲ, ಮರಿ ಹಾರುವವರೆಗೆ ಕಾಯುತ್ತೇನೆ. ಮಾದಯ್ಯಣ್ಣ ಬೈಯುತ್ತಿದ್ದರು. ಬೈಯಲಿ. ಜೀವ ಇಟ್ಟವನು ಶಿವ.

ಮಾದಯ್ಯಣ್ಣನಿಗೂ ಎಲ್ಲ ಗೊತ್ತಿರಲಿಲ್ಲ. ಅವರು ಹಾರುವ ವಿಮಾನಕ್ಕೆ ಕೆಲಸ ಮಾಡಿದವರು, ನಿಂತ ವಿಮಾನವನ್ನು ಕಾಪಾಡುವುದು ಬೇರೆಯೇ ವಿದ್ಯೆ. ಒಂದು ಸಲ ಪೈಲಟ್ ಕೂರುವ ಜಾಗದ ಮೇಲಿನ ಗಾಜಿನ ಗುಮ್ಮಟಕ್ಕೆ ಸೀಮೆಎಣ್ಣೆ ಹಾಕಿ ತಾವೇ ತಿಕ್ಕಿದರು. ಗಾಜಲ್ಲ, ಅದೊಂದು ಥರ ಪ್ಲಾಸ್ಟಿಕ್ಕು. ಮಂಕು ಬಡಿದು ಹೋಯಿತು. ಆಮೇಲೆ ಮೈಸೂರಿನಿಂದ ಒಬ್ಬ ಮೇಷ್ಟ್ರು ಬಂದರು. ರಜೆ ಸಿಕ್ಕಾಗಲೆಲ್ಲ ಊರೂರು ತಿರುಗಿ ಇಂಥ ಹಳೆಯ ವಿಮಾನಗಳನ್ನು ನೋಡುವುದೇ ಅವರ ತೀರ್ಥಯಾತ್ರೆ. ಅವರು ಬೈಯಲಿಲ್ಲ. ಕೂತು ಹೇಳಿಕೊಟ್ಟರು. ಸೋಪಿನ ನೀರು, ಮೆತ್ತನೆ ಬಟ್ಟೆ, ಮೇಲೆ ಬಿಳಿ ಬಟ್ಟೆಯ ಹೊದಿಕೆ. ಹೊದಿಕೆಗೆ ನಮ್ಮ ಮನೆಯವರ ಎರಡು ಹಳೆಯ ಪಂಚೆ ಸೇರಿಸಿ ಹೊಲಿದೆ.

ಅಂಥವರೂ ಬರುತ್ತಾರೆ, ಇಂಥವರೂ ಬರುತ್ತಾರೆ. ಇನ್ನೊಬ್ಬ ಕುತ್ತಿಗೆಗೆ ಎರಡು ಕ್ಯಾಮೆರಾ ನೇತುಹಾಕಿಕೊಂಡು ಬಂದ. ವಿಮಾನವೆಂದರೆ ಪ್ರಾಣ ಎಂದ. ನಾನು ನೀರು ತರಲು ಹೋಗಿ ಬರುವಷ್ಟರಲ್ಲಿ ಬೂಟುಗಾಲಿನಲ್ಲಿ ರೆಕ್ಕೆಯ ಮೇಲೆ ನಿಂತಿದ್ದ!

“ಇಳೀರಿ ಸ್ವಾಮಿ,” ಎಂದೆ.

“ಅಮ್ಮಾ, ಇದು ಯುದ್ಧ ಮಾಡಿರೋ ವಿಮಾನ. ನಾನು ನಿಂತರೆ ಏನಾಗುತ್ತೆ?”

“ಯುದ್ಧ ಮಾಡ್ದೋನು ಅಂತ ನಿಮ್ಮ್ ತಾತನ್ ಎದೆ ಮ್ಯಾಲ್ ನಿಂತ್ಕಂಡೀರಾ? ಇಳೀರಿ ಮೊದ್ಲು!”

ಇಳಿದ. ಆದರೆ ಅವನ ಹಿಮ್ಮಡಿ ಕೂತ ಜಾಗದಲ್ಲಿ ತಗಡು ಇವತ್ತಿಗೂ ತಗ್ಗಾಗಿದೆ. ಪ್ರೀತಿಯೆಂದು ಹೇಳಿಕೊಂಡು ತುಳಿಯುವವರ ಮೇಲೆ ಸದಾ ಒಂದು ಕಣ್ಣಿಡು ಸುಧಾ. ದ್ವೇಷದಿಂದ ಆ ವಿಮಾನಕ್ಕೆ ಯಾರೂ ಏನೂ ಮಾಡಿಲ್ಲ. ಆದದ್ದೆಲ್ಲ ಅಭಿಮಾನದಿಂದಲೇ.

ಒಂದು ಸಲ ಮಾದಪ್ಪನ ಬೆಟ್ಟಕ್ಕೆ ಹೋಗಿದ್ದೆ. ಮಾರನೆಯ ವಾರ ಶಾಲೆಯ ವಾರ್ಷಿಕೋತ್ಸವ. ಅತಿಥಿಗಳು ಬರುತ್ತಾರೆ, ವಿಮಾನ ಫಳಫಳ ಎನ್ನಬೇಕು ಎಂದು ಎಚ್.ಎಂ. ಮೇಡಂ ಮಿಕ್ಕ ಆಯಾಗಳಿಗೆ ಹೇಳಿದರಂತೆ. ಅವರು ಪಾಪ, ಮನೆಯಲ್ಲಿ ದೇವರ ಸಾಮಾನು ಬೆಳಗುವಂತೆ ಹುಣಸೆಹಣ್ಣು, ಉಪ್ಪು ಹಚ್ಚಿ ಬಾಲದ ಕಡೆ ಉಜ್ಜಿ ತೊಳೆದಿದ್ದರು. ಹಿತ್ತಾಳೆಗೆ ಹೊಳಪು ಕೊಡುವುದು ಆ ತಗಡಿಗೆ ಕೊಡುತ್ತದೆಯೇ? ನಾನು ಬಂದು ನೋಡಿದರೆ ಬೂದಿ ಬಣ್ಣದ ಮಚ್ಚೆ, ತೊನ್ನು ಹತ್ತಿದಂತೆ. ಪ್ರಸಾದದ ಪೊಟ್ಟಣ ಕೈಯಲ್ಲೇ ಇತ್ತು, ಕೊಡುವ ಮನಸ್ಸೇ ಬರಲಿಲ್ಲ. ಅವರನ್ನು ಬೈಯಲೂ ಆಗಲಿಲ್ಲ, ನನಗಿಂತ ಹೆಚ್ಚು ಬೆವರು ಸುರಿಸಿದ್ದರು. ಪೂರ್ತಿ ಉಜ್ಜುವ ಮೊದಲೇ ಹುಣಸೆಹಣ್ಣು ಮುಗಿದುಹೋಯಿತಂತೆ. ಆ ಪುಣ್ಯಕ್ಕೆ ಬಾಲ ಒಂದೇ ಹೋಯಿತು.

ದೊಡ್ಡ ಯಜಮಾನರು ಇರುವವರೆಗೆ ಇಂಥವು ನಡೆದರೂ ಕೇಳುವವರಿದ್ದರು. ಅವರು ಶಿವೈಕ್ಯರಾದ ಮೇಲೆ ಮಗ ಅಧ್ಯಕ್ಷರಾದರು. ಕೆಟ್ಟವರೆಂದು ಬರೆದರೆ ಸುಳ್ಳಾಗುತ್ತದೆ. ನಮಗೆಲ್ಲ ಹೊತ್ತಿಗೆ ಸರಿಯಾಗಿ ಸಂಬಳ ಕೊಟ್ಟರು, ಹಬ್ಬಕ್ಕೆ ಸೀರೆ ಕೊಟ್ಟರು. ಆದರೆ ಅವರಿಗೆ ವಿಮಾನ ಕಾಣಿಸುತ್ತಿರಲಿಲ್ಲ, ವಿಮಾನದ ಪಕ್ಕ ನಿಂತ ತಾವು ಕಾಣಿಸುತ್ತಿದ್ದರು. ಮೊದಲು ಅದಕ್ಕೆ ಶಾಲೆಯ ಬಸ್ಸಿನ ಬಣ್ಣ ಹೊಡೆಸಿದರು. ಮೂಗು ಹಳದಿ, ಮೈ ನೀಲಿ. ರೆಕ್ಕೆಯ ಮೇಲಿದ್ದ ವಾಯುಪಡೆಯ ಚಕ್ರದ ಗುರುತಿನ ಮೇಲೆ ಶಾಲೆಯ ಲಾಂಛನ. ಬಾಲದ ನಂಬರು ಮಾಯ.

ನಾನು ಕೇಳಿಯೇಬಿಟ್ಟೆ. “ಸಾರ್, ಯುದ್ಧಕ್ಕೆ ಹೋಗಿ ಬಂದ ಸಿಪಾಯಿಯ ಅಂಗಿಗೆ ಬೇರೆ ಬಣ್ಣ ಅದ್ದಿಸಿ ನಿಮ್ಮ ಆಫೀಸಿನ ಜವಾನನಿಗೆ ಹಾಕ್ತೀರಾ?”

“ಬ್ರ್ಯಾಂಡಿಂಗ್ ಗೌರಮ್ಮ, ನಿಮಗೆ ಗೊತ್ತಾಗಲ್ಲ,” ಎಂದರು ನಗುತ್ತಾ.

ಸೋಮವಾರ ಬಂದ ಮಾದಯ್ಯಣ್ಣ ಗೇಟಿನಲ್ಲೇ ನಿಂತುಬಿಟ್ಟರು. ಒಳಗೆ ಬರಲಿಲ್ಲ. “ಯಾವ್ದವ್ವ ಇದು, ಐಸ್‌ಕ್ರೀಮ್ ಗಾಡಿಯಾ?” ಎಂದು ಕೇಳಿ, ಬಂದ ಬಸ್ಸಿಗೇ ವಾಪಸಾದರು. ಎರಡು ಸೋಮವಾರ ಬರಲಿಲ್ಲ. ಮೂರನೆಯದಕ್ಕೆ ಬಂದರು. ಹೊಟ್ಟೆಯ ಕೆಳಗೆ ಬಣ್ಣದವರು ಬ್ರಷ್ಷು ಹಾಕಿರಲಿಲ್ಲ, ಬಗ್ಗಲು ಸೋಮಾರಿತನ. ತೇಪೆ ಹಾಗೇ ಇತ್ತು. ಆ ಸೋಮಾರಿಗಳನ್ನು ದೇವರು ಚೆನ್ನಾಗಿಟ್ಟಿರಲಿ.

ಈಗ ಆಯುಧಪೂಜೆಯ ವಿಷಯ.

ದೊಡ್ಡ ಯಜಮಾನರ ಕಾಲದಲ್ಲಿ ಆಯುಧಪೂಜೆಯ ದಿನ ಶಾಲೆಯ ಬಸ್ಸುಗಳಿಗೆಲ್ಲ ಬಾಳೆಕಂದು ಕಟ್ಟಿ, ಚಕ್ರದಡಿ ನಿಂಬೆಹಣ್ಣು ಇಟ್ಟು ಹತ್ತಿಸುತ್ತಿದ್ದರು. ವಿಮಾನಕ್ಕೆ ಮಾತ್ರ ದೂರದಿಂದಲೇ ಆರತಿ. ಮುಂದೆ ಒಂದು ಕಲ್ಲು, ಆ ಕಲ್ಲಿಗೇ ವಿಭೂತಿ, ಕುಂಕುಮ, ಕಾಯಿ ಎಲ್ಲ. ಮೈಗೆ ಏನೂ ಮುಟ್ಟಿಸುವಂತಿರಲಿಲ್ಲ. ನನಗೂ ಅದೇ ಸರಿ. ದೇವರಿಗೆ ಎಲ್ಲಿ ಇಟ್ಟರೂ ತಲುಪುತ್ತದೆ.

ಆ ವರ್ಷ ಅಧ್ಯಕ್ಷರ ಗೆಳೆಯರು, ಊರ ಪ್ರಮುಖರು ಬಂದಿದ್ದರು. ಹತ್ತು ಮೊಬೈಲು ವಿಡಿಯೋ ಮಾಡುತ್ತಿದ್ದವು. ಬಸ್ಸುಗಳ ಪೂಜೆ ಆಯಿತು, ಟ್ರಾಕ್ಟರ್ ಪೂಜೆ ಆಯಿತು. ಯಾರೋ ಒಬ್ಬರು ಅಂದರು, “ಏನ್ ಸಾ, ಇಷ್ಟ್ ದೊಡ್ ಗಾಡಿ ಮಡಿಕಂಡು ನಿಂಬೆಣ್ ಅತ್ಸನಿಲ್ವಲ್ಲ? ದೃಷ್ಟಿ ಓಗೋದೆಂಗೆ?”

ನಕ್ಕು ಬಿಡುವ ಮಾತು. ಆದರೆ ಅಧ್ಯಕ್ಷರ ಮುಖ ಅರಳಿತು. ವಿಮಾನದ ಮೂರು ಚಕ್ರಕ್ಕೂ ಮೂರು ನಿಂಬೆಹಣ್ಣು ತರಿಸಿದರು. ಟ್ರಾಕ್ಟರನ್ನು ಮುಂದೆ ತಂದು ನಿಲ್ಲಿಸಿ, ಮೂಗಿನ ಕೆಳಗಿನ ಕಾಲಿಗೆ ಹಗ್ಗ ಬಿಗಿಸಿದರು. ಆ ವಿಮಾನ ತನ್ನ ಕಾಲಿನ ಮೇಲೆ ನಿಂತದ್ದೇ ಅಲ್ಲ. ಚಕ್ರಗಳು ಎಂದೋ ತುಕ್ಕು ಹಿಡಿದು ಬಿಗಿದುಹೋಗಿದ್ದವು. ಭಾರವನ್ನೆಲ್ಲ ಹೊಟ್ಟೆಯ ಕೆಳಗಿನ ಕಬ್ಬಿಣದ ಸ್ಟ್ಯಾಂಡು ಹೊತ್ತಿತ್ತು. ಅದನ್ನೇ ಎಳೆದು ತೆಗೆಸಿದರು.

ನಾನು ಓಡಿಹೋಗಿ ಹಗ್ಗ ಹಿಡಿದೆ. “ಬ್ಯಾಡಿ ಸಾರ್, ಚಕ್ರ ತಿರುಗಲ್ಲ. ಮಾದಯ್ಯಣ್ಣನ್ನ ಒಂದ್ ಮಾತ್ ಕೇಳಿ.”

“ಒಂದೇ ಅಡಿ ಗೌರಮ್ಮ, ಶಾಸ್ತ್ರಕ್ಕೆ. ನೀವೇ ಇಷ್ಟು ದೈವಭಕ್ತರು, ಪೂಜೆಗೆ ಅಡ್ಡ ಬರ್ತೀರಾ?”

ನೋಡಿ, ಹೇಗೆ ಬಾಯಿ ಮುಚ್ಚಿಸಿದರು! ಸುತ್ತ ನಿಂತವರು ನನ್ನನ್ನೇ ನೋಡಿದರು. ಡ್ರೈವರು ನನ್ನ ಕೈಯಿಂದ ಹಗ್ಗ ಬಿಡಿಸಿ, “ಬುಡಕ್ಕ, ಮೆಲ್ಲುಕ್ ಎಳೀತೀನಿ,” ಎಂದ. ಮೆಲ್ಲಗೇ ಎಳೆದ. ಅವನದೇನೂ ತಪ್ಪಿಲ್ಲ. ಹಿಂದಿನ ಎರಡು ಚಕ್ರ ಮಿಸುಕಲಿಲ್ಲ, ಮುಂದಿನ ಕಾಲು ಮಾತ್ರ ಹಗ್ಗದ ಜೊತೆ ಹೊರಟಿತು. ಒಣಗಿದ ಕೊಂಬೆ ಲಟಕ್ಕನೆ ಮುರಿಯುವ ಸದ್ದು. ವಿಮಾನ ಒಂದು ಸಲ ಅಲುಗಾಡಿ, ಮೂಗು ಮುಂದಾಗಿ ನೆಲಕ್ಕೆ ಕುಸಿಯಿತು. ಹಳದಿ ಬಣ್ಣ ಚಕ್ಕೆಚಕ್ಕೆಯಾಗಿ ಹಾರಿತು.

ನಿಂಬೆಹಣ್ಣು ಮೂರೂ ಹಾಗೇ ಇದ್ದವು, ಒಂದೂ ಒಡೆದಿರಲಿಲ್ಲ. ಅಡಿಗೆ ಸಿಕ್ಕಿ ಯಾರಿಗೂ ಏನೂ ಆಗಲಿಲ್ಲ, ಅದೊಂದು ಶಿವನ ದಯೆ. ವಿಡಿಯೋ ಮಾಡುತ್ತಿದ್ದವರು ಮೊಬೈಲು ಜೇಬಿಗಿಟ್ಟು ಒಬ್ಬೊಬ್ಬರೇ ಜಾರಿದರು. ಪೂಜೆ ಮಾಡಿದ್ದು ದೃಷ್ಟಿ ತೆಗೆಯಲು. ನನ್ನನ್ನು ಕೇಳಿದರೆ, ಆ ವಿಮಾನಕ್ಕೆ ತಗುಲಿದ ಕೆಟ್ಟ ದೃಷ್ಟಿ ಅದೇ ದಿನ ಅಲ್ಲಿ ಸೂಟು ಹಾಕಿಕೊಂಡು ನಿಂತಿತ್ತು.

ಮಾದಯ್ಯಣ್ಣ ಬಂದು ಮುರಿದ ಕಾಲನ್ನು ಎತ್ತಿ ತಿರುಗಿಸಿ ನೋಡಿದರು. ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ. “ಪಾಕಿಸ್ತಾನ್ದೋರ್ ಕೈಲಿ ಆಗ್ನಿಲ್ಲ,” ಎಂದರು, ಅಷ್ಟೇ. ಆಮೇಲೆ ಅಧ್ಯಕ್ಷರ ಕೋಣೆಗೆ ಹೋಗಿ, ಜಾಕಿ ಕೊಟ್ಟು ಮೂಗನ್ನು ಎತ್ತಿ, ಮರದ ದಿಮ್ಮಿಯ ಮೇಲೆ ಕೂರಿಸಿಕೊಡುತ್ತೇನೆ, ಕಾಲನ್ನು ನಿಧಾನಕ್ಕೆ ನೋಡೋಣ ಎಂದು ಕೇಳಿದರು. ಅವರು ನೋಡೋಣ ಎಂದರು. ತಿಂಗಳು ಕಳೆದರೂ ನೋಡಲಿಲ್ಲ. ವಿಮಾನದ ಸುತ್ತ ಶಾಮಿಯಾನದ ಬಟ್ಟೆ ಕಟ್ಟಿಸಿ ಮರೆಮಾಡಿದರು. ಮಕ್ಕಳಿಗೆ ಅಪಾಯವಂತೆ, ಪೋಷಕರು ದೂರು ಕೊಡುತ್ತಾರಂತೆ, ತೆಗೆಸಿಬಿಡುವುದು ಒಳ್ಳೆಯದಂತೆ. ಮುರಿದವರೇ ಮುರಿದದ್ದನ್ನು ಅಪಾಯ ಎನ್ನುವುದು! ನನಗೆ ರಾತ್ರಿ ಅನ್ನ ಇಳಿಯುತ್ತಿರಲಿಲ್ಲ. ನಮ್ಮ ಮನೆಯವರು, “ನಿನ್ನ ತವರಿನ ಗೋಡೆ ಬಿದ್ದಂಗ್ ಆಡ್ತೀಯಲ್ಲ,” ಎಂದು ಗೇಲಿ ಮಾಡುತ್ತಿದ್ದರು.

ಒಂದು ಸಂಜೆ ಶಾಲೆಯ ಬಸ್ಸಿನ ಡ್ರೈವರು, ಅದೇ ಹಗ್ಗ ಎಳೆದವನು, ನನ್ನನ್ನು ಇಳಿಸುವಾಗ ಮೆಲ್ಲಗೆ ಹೇಳಿದ. “ಅಕ್ಕ, ನಾಳೆ ಬೆಳಿಗ್ಗೆ ಗುಂಡ್ಲುಪೇಟೆಯಿಂದ ಗುಜರಿಯೋರು ಬತ್ತಾವ್ರೆ. ಗ್ಯಾಸಲ್ಲಿ ಕುಯ್ದು ಒಯ್ತರಂತೆ. ನಾನೇಳ್ದೆ ಅನ್ಬ್ಯಾಡಿ.”

ಮಾದಯ್ಯಣ್ಣನಿಗೆ ಫೋನು ಮಾಡಿದೆ. “ಮೊದುಲ್ನೇ ಬಸ್ಸಿಗ್ ಬತ್ತೀನಿ ಕಣವ್ವ. ಚಾಮರಾಜನಗರಕ್ ಬಂದು ಬದ್ಲಾಯ್ಸ್‌ಬೇಕು. ನಾನ್ ಬರಗಂಟ ಏನಾರ ಮಾಡಿ ನಿಲ್ಸು.”

ಏನು ಮಾಡಿ ನಿಲ್ಲಿಸುವುದು? ನಾನು ಆಯಾ. ನನ್ನ ಮಾತಿಗೆ ಹಗ್ಗವೇ ನಿಂತಿರಲಿಲ್ಲ, ಗ್ಯಾಸು ನಿಲ್ಲುತ್ತದೆಯೇ? ಬೆಳಗಾಗುತ್ತಲೇ ಸ್ನಾನ ಮಾಡಿದೆ. ಪೂಜೆಗೆ ಕೂರಬೇಕೆಂದು ಮಣೆ ಹಾಕಿದವಳು ನಿಂತುಬಿಟ್ಟೆ. ನಂತರ ಮಣೆ, ವಿಭೂತಿ ಗಟ್ಟಿ, ಒಂದು ಚೊಂಬು ನೀರು, ಹಿತ್ತಲಿನ ಬಿಲ್ವಪತ್ರೆ ಇಷ್ಟನ್ನೂ ಚೀಲಕ್ಕೆ ಹಾಕಿಕೊಂಡು ಶಾಲೆಗೆ ಹೊರಟೆ.

ಲಾರಿ ಆಗಲೇ ಬಂದಿತ್ತು. ಇಬ್ಬರು ಕೆಲಸದವರು ಸಿಲಿಂಡರ್ ಇಳಿಸುತ್ತಿದ್ದರು. ಅಧ್ಯಕ್ಷರು ಫೋನಿನಲ್ಲಿದ್ದರು. ನಾನು ಶಾಮಿಯಾನದ ಬಟ್ಟೆ ಸರಿಸಿ ಒಳಗೆ ಹೋಗಿ, ಎಡಗಡೆಯ ರೆಕ್ಕೆಯ ಕೆಳಗೆ ಮಣೆ ಹಾಕಿ ಕೂತೆ. ಹಣೆಗೆ ವಿಭೂತಿ ಹಚ್ಚಿ, ಕೊರಳಿನ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಎಡಗೈಯ ಮೇಲೆ ಇಟ್ಟುಕೊಂಡೆ.

ನಮ್ಮವರಲ್ಲದವರಿಗೆ ಒಂದು ಮಾತು ಹೇಳಬೇಕು. ಲಿಂಗ ಅಂಗೈಯಲ್ಲಿ ಇರುವಾಗ ನಾವು ಮಾತಾಡುವುದಿಲ್ಲ, ಏಳುವುದಿಲ್ಲ. ಮನೆಗೆ ಬೀಗರೇ ಬರಲಿ, ಯಾರೂ ನಮ್ಮನ್ನು ಕೂಗುವುದಿಲ್ಲ. ಪೂಜೆಯಿಂದ ಎಬ್ಬಿಸುವ ಕೈ ನಮ್ಮ ಕಡೆ ಇನ್ನೂ ಹುಟ್ಟಿಲ್ಲ.

ಬಟ್ಟೆ ಸರಿಸಿ ನೋಡಿದ ಕೆಲಸದವನು ಹಿಂದಕ್ಕೆ ಹೆಜ್ಜೆ ಇಟ್ಟ. “ಅವ್ವ ಲಿಂಗ್‌ಪೂಜೇಲಿ ಕೂತವ್ಳೆ ಕಣ್ಲಾ. ಗ್ಯಾಸ್ ಆಪ್ ಮಾಡು, ಆಪ್ ಮಾಡು.”

“ಎಸ್ಟೊತ್ ಆದದ್ಲಾ?”

“ಅದುನ್ನ ಕೇಳಕಾದದ? ಬೀಡಿ ಇದ್ರ ಕೊಡು, ಆಚ್ಗೋಗನ.”

ಅಧ್ಯಕ್ಷರು ಬಂದರು. ಬೂಟಿನ ಸದ್ದು ನನ್ನ ಮುಂದೆ ನಿಂತಿತು, ಆಮೇಲೆ ಬೂಟು ಕಳಚುವ ಸದ್ದು. ಅವರ ಕೊರಳಲ್ಲೂ ಲಿಂಗವಿದೆ. ಗಂಟಲು ಕೆರೆದರು. ಆ ಕಡೆ ನಡೆದರು, ಈ ಕಡೆ ನಡೆದರು. ನನ್ನ ಕಣ್ಣು ಲಿಂಗದ ಮೇಲಿತ್ತು, ಕಿವಿ ಮಾತ್ರ ಸಿಲಿಂಡರಿನ ಮೇಲಿತ್ತು. ಶಿವ ಕ್ಷಮಿಸಲಿ. ನೀರೆರೆದೆ, ಪತ್ರೆ ಇಟ್ಟೆ, ಮತ್ತೆ ನೀರೆರೆದೆ. ನೀರು ಮುಗಿಯಿತು. ಬರಿಯ ದೃಷ್ಟಿ ಇಟ್ಟು ಕೂತೆ. ಕೈ ಮರಗಟ್ಟತೊಡಗಿತು. ಮೊದಲನೇ ಬಸ್ಸು ಎಲ್ಲಿದೆಯೋ.

ಅಷ್ಟರಲ್ಲಿ ಬಟ್ಟೆ ಮತ್ತೆ ಸರಿಯಿತು. ಬಂದವರು ದೊಡ್ಡ ಯಜಮಾನರ ಹೆಂಡತಿ, ಅಮ್ಮಾವ್ರು. ಶಾಲೆಯ ಹಿಂದೆಯೇ ಅವರ ಮನೆ. ಯಾರೋ ಸುದ್ದಿ ಮುಟ್ಟಿಸಿದ್ದರು. ನಿಜ ಹೇಳಬೇಕೆಂದರೆ ಆ ಅಮ್ಮಾವ್ರಿಗೆ ವಿಮಾನ ಕಂಡರೆ ಆಗುತ್ತಿರಲಿಲ್ಲ. ಗಂಡ ಬದುಕಿದ್ದಾಗ ‘ನನ್ ಸವತಿ’ ಎಂದೇ ಕರೆಯುತ್ತಿದ್ದರು. ಈ ದಿನ ನನ್ನನ್ನು ನೋಡಿದರು, ನೆಲಕ್ಕೆ ಮೂಗು ಕೊಟ್ಟು ಬಿದ್ದಿದ್ದ ಸವತಿಯನ್ನು ನೋಡಿದರು, ಲಾರಿಯನ್ನು ನೋಡಿದರು. ನನ್ನ ಪಕ್ಕ ಬರಿ ನೆಲದ ಮೇಲೆ ಕೂತು, ನನ್ನ ವಿಭೂತಿ ಗಟ್ಟಿಯನ್ನು ತೆಗೆದುಕೊಂಡು ಹಣೆಗೆ ಎಳೆದುಕೊಂಡು, ತಮ್ಮ ಲಿಂಗವನ್ನು ಅಂಗೈಗೆ ತೆಗೆದರು.

ಮಗ, “ಅವ್ವಾ...” ಎಂದರು.

ಆಮೇಲೆ ಅಡುಗೆಮನೆಯ ಆಯಾ ಇಬ್ಬರು ಬಂದು ಕೂತರು. ಲಿಂಗ ಕಟ್ಟಿದವರಲ್ಲ ಅವರು. ಸುಮ್ಮನೆ ಕೈ ಮುಗಿದು ಕೂತರು. ಬಾಲಕ್ಕೆ ಹುಣಸೆಹಣ್ಣು ಉಜ್ಜಿದವರೇ.

ಮಾದಯ್ಯಣ್ಣ ಏದುಸಿರು ಬಿಡುತ್ತಾ ಬಂದು ಬಟ್ಟೆ ಎತ್ತಿದವರು, ನಮ್ಮ ಸಾಲನ್ನು ನೋಡಿ, “ಏನವ್ವ ಇದು, ಗುಡಿ ಕಟ್‌ಬುಟ್ರಾ?” ಎಂದರು. ಅಮ್ಮಾವ್ರು ಆಗಲೇ ಪೂಜೆ ಮುಗಿಸಿ ಲಿಂಗವನ್ನು ಕರಡಿಗೆಗೆ ಇಟ್ಟದ್ದು. ಮಗನ ಕಡೆ ತಿರುಗಿ ಹೇಳಿದ್ದು ಒಂದೇ ಮಾತು.

“ಲೋ ಮಗ, ನಿಮ್ಮಪ್ಪ ಇದನ್ನ ತಂದಿದ್ದು ಮಡಿಕತೀನಿ ಅಂತ ಮಾತ್ ಕೊಟ್ಟು. ಆ ಮಾತ್‌ನ ಗುಜರಿಗ್ ಆಕಿಯಾ? ಲಾರಿಯವ್ರಿಗ್ ಕಾಪಿ ಕುಡ್ಸಿ ಕಳ್ಸು.”

ಲಾರಿ ಖಾಲಿ ಹೋಯಿತು. ಮುಂದಿನ ಸೋಮವಾರವೇ ಮಾದಯ್ಯಣ್ಣ, ಡ್ರೈವರು, ಇನ್ನೂ ನಾಲ್ಕು ಜನ ಸೇರಿ ಜಾಕಿ ಕೊಟ್ಟು ಮೂಗನ್ನು ಎತ್ತಿ ದಿಮ್ಮಿಯ ಮೇಲೆ ಕೂರಿಸಿದರು. ಪೂರ್ತಿ ಎತ್ತಲು ಆಗಲಿಲ್ಲ, ಒಳಗಿನ ಕಂಬಿ ಬಗ್ಗಿಹೋಗಿತ್ತು. ತಲೆ ತಗ್ಗಿಸಿದ ಹಾಗೇ ಉಳಿಯಿತು. ಮುರಿದ ಕಾಲನ್ನು ಮೊದಲಿನಂತೆ ಮಾಡಿಕೊಡುವವರು ಸಿಗಲಿಲ್ಲ. ಶಾಲೆಯ ವರ್ಷ ಮುಗಿಯುತ್ತಲೇ ಅಧ್ಯಕ್ಷರು ನನ್ನನ್ನು ಕರೆಸಿ, ನಿಮಗೂ ವಯಸ್ಸಾಯಿತು ಗೌರಮ್ಮ, ಮನೆಯಲ್ಲಿ ಆರಾಮವಾಗಿರಿ ಎಂದರು. ಶಾಲು ಹೊದಿಸಿದರು, ಹಣ್ಣಿನ ತಟ್ಟೆ ಕೊಟ್ಟರು. ತೆಗೆದುಕೊಂಡೆ. ವಿಮಾನ ಉಳಿಯಿತು, ನಾನು ಹೊರಟೆ. ಇಬ್ಬರಲ್ಲಿ ಒಬ್ಬರು ಹೋಗಬೇಕಾಗಿದ್ದರೆ ಹೋದದ್ದು ಸರಿಯಾದವರೇ. ನನಗೆ ಹೋಗಲು ಒಂದು ಮನೆಯಿದೆ.

ಬೇಜಾರು ಅದಕ್ಕಲ್ಲ. ಮೊನ್ನೆ ಕಾಫಿ ಲೋಟ ಕೆಳಗಿಡುತ್ತಾ ಸುಧಾ ಹೇಳಿದ ಮಾತಿಗೆ. ಈಗ ವಿಮಾನದ ಮುಂದೆ ಹೊಸ ಬೋರ್ಡು ಹಾಕಿದ್ದಾರಂತೆ. ಭಾರತಮಾತೆಗೆ ತಲೆಬಾಗಿ ನಮಿಸುತ್ತಿರುವ ವೀರ ವಿಮಾನ ಎಂದು. ಹೊರಗಿನಿಂದ ಬಂದವರಿಗೆ ಹಾಗೇ ವಿವರಿಸಬೇಕೆಂದು ಸುಧಾಳಿಗೆ ಬಾಯಿಪಾಠ ಮಾಡಿಸಿದ್ದಾರಂತೆ. ಬಂದವರು ಕೈ ಮುಗಿದು ಫೋಟೋ ತೆಗೆಸಿಕೊಳ್ಳುತ್ತಾರಂತೆ.

“ಚೆಂದಾಗದೆ ಅಲ್ವಾ ಗೌರಕ್ಕ?” ಎಂದು ಕೇಳಿದಳು ಆ ಹುಡುಗಿ.

ಚೆಂದವಾಗಿಲ್ಲ ಕಣಮ್ಮಿ. ಬಟ್ಟೆ ಹಿಡಿದು ಒರೆಸುವುದು ನಿನ್ನ ಅರ್ಧ ಕೆಲಸ. ಮಿಕ್ಕ ಅರ್ಧ ಇಲ್ಲಿದೆ, ಕೇಳು. ಯಾವುದಾದರೂ ಮಗು ಬಂದು, ಆಂಟಿ, ಇದು ಯಾಕೆ ತಲೆ ಬಗ್ಗಿಸಿದೆ ಎಂದು ಕೇಳಿದರೆ, ಬೋರ್ಡಿನಲ್ಲಿ ಇರುವುದನ್ನು ಹೇಳಬೇಡ. ಇದು ಯಾರಿಗೂ ನಮಸ್ಕಾರ ಮಾಡುತ್ತಿಲ್ಲ ಮಗ, ಎರಡು ಯುದ್ಧ ಕಂಡ ವಿಮಾನ, ನೆಟ್ಟಗೆ ನಿಂತಿತ್ತು, ಇದರ ಕಾಲು ಮುರಿದವರು ನಾವು, ಎಂದು ಹೇಳು.